ಜೆ. ಎಡ್ಗರ್ ಹೂವರ್: ಗ್ರಂಥಾಲಯದ ಗುಮಾಸ್ತನೊಬ್ಬ ಇಡೀ ದೇಶದ ಮೇಲೆ ಕಣ್ಣಿಟ್ಟ ಕಥೆ

ಎಫ್‌ಬಿಐ ಅಂದ ಕೂಡಲೇ ನಮ್ಮ ತಲೆಮಾರಿನವರ ಕಣ್ಣ ಮುಂದೆ ಬರೋದು ಸಿನಿಮಾ ದೃಶ್ಯ. ಕಪ್ಪು ಸೂಟು, ಜೇಬಿನಿಂದ ತೆಗೆದು ತೋರಿಸುವ ಬ್ಯಾಡ್ಜು, ಬಾಗಿಲು ಒದ್ದು ಒಳನುಗ್ಗುವ ಏಜೆಂಟರು. ಈ ಚಿತ್ರವನ್ನು ಜನರ ತಲೆಯಲ್ಲಿ ಕೂರಿಸಲು ವರ್ಷಗಟ್ಟಲೆ ಶ್ರಮಪಟ್ಟ ಮನುಷ್ಯ ಮಾತ್ರ ಬಾಗಿಲು ಒದ್ದವನಲ್ಲ, ಕಾರ್ಡುಗಳನ್ನು ಜೋಡಿಸಿಟ್ಟವನು. ಜಾನ್ ಎಡ್ಗರ್ ಹೂವರ್ 1924ರಿಂದ 1972ರವರೆಗೆ, ಅಂದರೆ 48 ವರ್ಷ, ಎಂಟು ಅಧ್ಯಕ್ಷರ ಕಾಲದಲ್ಲಿ ಒಂದೇ ಕುರ್ಚಿಯಲ್ಲಿ ಕೂತಿದ್ದ. ಒಂದೇ ಒಂದು ಚುನಾವಣೆಗೂ ನಿಂತಿರಲಿಲ್ಲ.

ಸರ್ಕಾರಗಳು ಜನರ ಮೇಲಿಡುವ ನಿಗಾದ ಬಗ್ಗೆ ಏನೇ ಬರೆದರೂ ಯಾರಾದರೂ ಒಬ್ಬರು ಕೇಳೇ ಕೇಳ್ತಾರೆ: ತಪ್ಪು ಮಾಡದವನಿಗೆ ಏನು ಭಯ? ಈ ಪ್ರಶ್ನೆಗೆ ಸಿದ್ಧಾಂತದ ಉತ್ತರ ಕೊಡೋದಕ್ಕಿಂತ ಹೂವರ್‌ನ ಕಥೆ ಹೇಳೋದು ವಾಸಿ ಅಂತ ನನಗೆ ಅನ್ನಿಸಿ ಬಹಳ ದಿನ ಆಯ್ತು.

ಆತ ಹುಟ್ಟಿದ್ದು 1895ರ ಜನವರಿ 1ರಂದು, ವಾಷಿಂಗ್ಟನ್ನಿನಲ್ಲೇ, ಸಂಸತ್ ಭವನಕ್ಕೆ ನಡೆದುಕೊಂಡು ಹೋಗುವಷ್ಟು ಹತ್ತಿರದ ಮನೆಯಲ್ಲಿ. ಅಪ್ಪ ಸರ್ಕಾರಿ ಸರ್ವೇ ಇಲಾಖೆಯ ಮುದ್ರಣ ವಿಭಾಗದಲ್ಲಿ ನೌಕರ. ಮಾನಸಿಕ ಕಾಯಿಲೆಗೆ ಬಿದ್ದು 1917ರಲ್ಲಿ ಕೆಲಸ ಬಿಡಬೇಕಾಯ್ತು, ಮನೆಯ ಭಾರ ಕಿರಿಮಗನ ಹೆಗಲಿಗೆ ಬಿತ್ತು. ಅಮ್ಮ ಕಟ್ಟುನಿಟ್ಟಿನ ಹೆಂಗಸು. 1938ರಲ್ಲಿ ಆಕೆ ತೀರಿಕೊಳ್ಳುವವರೆಗೂ, ಅಂದರೆ ತನಗೆ 43 ವರ್ಷ ಆಗುವವರೆಗೂ, ಹೂವರ್ ಅದೇ ಮನೆಯಲ್ಲಿ ಆಕೆಯ ಜೊತೆಗೇ ಇದ್ದ. ಮದುವೆ ಆಗಲೇ ಇಲ್ಲ.

ಆತನ ಬದುಕಿನ ಕೀಲಿ ಇರೋದು ಮೊದಲ ಕೆಲಸದಲ್ಲಿ. 1913ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಪುಸ್ತಕ ತಂದುಕೊಡುವ ಹುಡುಗನಾಗಿ ಸೇರಿದ. ಆಮೇಲೆ ಗುಮಾಸ್ತನಾದ. ಹಗಲು ಅಲ್ಲಿ ದುಡಿದು, ಉಳಿದ ಹೊತ್ತಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ ಮುಗಿಸಿದ. ಆ ಗ್ರಂಥಾಲಯದಲ್ಲಿ ಲಕ್ಷಾಂತರ ಪುಸ್ತಕಗಳಿಗೆ ಒಂದೊಂದು ಕಾರ್ಡು. ಲೇಖಕನ ಹೆಸರಲ್ಲಿ ಹುಡುಕಿದರೂ ಸಿಗಬೇಕು, ವಿಷಯದಲ್ಲಿ ಹುಡುಕಿದರೂ ಸಿಗಬೇಕು. ನಾನು ಎಂಜಿನಿಯರಿಂಗ್ ಓದುವಾಗ ಡೇಟಾಬೇಸ್ ಪಾಠದಲ್ಲಿ ಇಂಡೆಕ್ಸ್ ಅಂದರೇನು ಅಂತ ಹೇಳಿಕೊಟ್ಟಿದ್ದು ಇದೇ ಉದಾಹರಣೆಯಿಂದ. ಮಾಹಿತಿ ಎಷ್ಟಿದೆ ಅನ್ನೋದಕ್ಕಿಂತ ಎಷ್ಟು ಬೇಗ ಕೈಗೆ ಸಿಗುತ್ತೆ ಅನ್ನೋದೇ ಮುಖ್ಯ. ಹೂವರ್‌ಗೆ ಇದು ಹದಿನೆಂಟರ ವಯಸ್ಸಿಗೇ ಅರ್ಥವಾಗಿತ್ತು. ಪುಸ್ತಕದ ಜಾಗದಲ್ಲಿ ಮನುಷ್ಯರನ್ನು ಇಡಬಹುದು ಅನ್ನೋದು ಮುಂದಿನ ಹೆಜ್ಜೆ.

ಅದಕ್ಕೆ ಅವಕಾಶ ಸಿಕ್ಕಿದ್ದು 1919ರಲ್ಲಿ. ಮೊದಲ ಮಹಾಯುದ್ಧ ಮುಗಿದಿತ್ತು, ರಷ್ಯಾದಲ್ಲಿ ಕ್ರಾಂತಿ ಆಗಿತ್ತು, ಅಮೆರಿಕದ ಕಾರ್ಖಾನೆಗಳಲ್ಲಿ ಮುಷ್ಕರಗಳು ಎದ್ದಿದ್ದವು. ಜೂನ್ 2ರ ರಾತ್ರಿ ಎಂಟು ನಗರಗಳಲ್ಲಿ ಅರಾಜಕತಾವಾದಿಗಳ ಬಾಂಬುಗಳು ಸಿಡಿದವು. ಒಂದು ಸಿಡಿದದ್ದು ಅಟಾರ್ನಿ ಜನರಲ್ ಮಿಚೆಲ್ ಪಾಮರ್ ಮನೆ ಬಾಗಿಲಲ್ಲೇ. ಬೆದರಿಕೆ ನಿಜವೇ ಆಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆಗಸ್ಟಿನಲ್ಲಿ ಪಾಮರ್ ತನ್ನ ಇಲಾಖೆಯಲ್ಲಿ ತೀವ್ರಗಾಮಿಗಳ ಮೇಲೆ ಕಣ್ಣಿಡುವ ಹೊಸ ವಿಭಾಗ ತೆರೆದು, ಯುದ್ಧಕಾಲದಲ್ಲಿ ವಿದೇಶಿಯರ ಕಡತ ನೋಡಿಕೊಳ್ಳುತ್ತಿದ್ದ 24 ವರ್ಷದ ಹೂವರ್‌ನನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿದ.

ಬಾಂಬ್ ಇಟ್ಟವರು ಯಾರು ಅಂತ ಹುಡುಕೋದು ಪೊಲೀಸ್ ಕೆಲಸ. ಹೂವರ್ ಶುರು ಮಾಡಿದ್ದು ಬೇರೆಯದೇ ಕೆಲಸ. ಹೆಸರು, ಸಂಘಟನೆ, ಊರು, ಪತ್ರಿಕೆ, ಹೀಗೆ ಯಾವ ಕಡೆಯಿಂದ ಬೇಕಾದರೂ ಹುಡುಕಬಹುದಾದ ಕಾರ್ಡುಗಳ ಭಂಡಾರ ಕಟ್ಟಿದ. 1921ರ ಹೊತ್ತಿಗೆ ಅದರಲ್ಲಿ 4 ಲಕ್ಷಕ್ಕೂ ಹೆಚ್ಚು ಕಾರ್ಡುಗಳಿದ್ದವು. ಬಾಂಬ್ ಇಟ್ಟವರು ಬೆರಳೆಣಿಕೆಯ ಜನ. ಉಳಿದ ಕಾರ್ಡುಗಳಲ್ಲಿದ್ದವರು ಸಭೆಗೆ ಹೋದವರು, ಚಂದಾ ಕೊಟ್ಟವರು, ಪತ್ರಿಕೆ ತರಿಸಿದವರು.

1920ರ ಜನವರಿ 2ರಂದು 30ಕ್ಕೂ ಹೆಚ್ಚು ನಗರಗಳಲ್ಲಿ ಏಕಕಾಲಕ್ಕೆ ದಾಳಿ ನಡೆದು ಸಾವಿರಾರು ಜನ ಬಂಧನಕ್ಕೊಳಗಾದರು. ಬಹುಪಾಲು ವಲಸೆ ಕಾರ್ಮಿಕರು. ಎಷ್ಟೋ ಕಡೆ ವಾರಂಟೇ ಇರಲಿಲ್ಲ. ಡೆಟ್ರಾಯಿಟ್‌ನಲ್ಲಿ ಸುಮಾರು 800 ಜನರನ್ನು ಸರ್ಕಾರಿ ಕಟ್ಟಡದ ಕಿಟಕಿಯಿಲ್ಲದ ಒಂದು ಕಾರಿಡಾರಿನಲ್ಲಿ ದಿನಗಟ್ಟಲೆ ಕೂಡಿಹಾಕಿದರು. ಎಲ್ಲರಿಗೂ ಸೇರಿ ಒಂದೇ ಶೌಚಾಲಯ.

ಇದನ್ನು ತಡೆದವರು ಲೂಯಿಸ್ ಪೋಸ್ಟ್ ಎಂಬ ಎಪ್ಪತ್ತು ದಾಟಿದ ಅಧಿಕಾರಿ. ಗಡೀಪಾರು ಆದೇಶಕ್ಕೆ ಕಾರ್ಮಿಕ ಇಲಾಖೆಯ ಸಹಿ ಬೇಕಿತ್ತು. ಅವರು ಒಂದೊಂದೇ ಕಡತ ತೆಗೆದು ಓದುತ್ತಾ ಕೂತರು. ಸಾಕ್ಷ್ಯ ಇಲ್ಲ, ರದ್ದು. ವಕೀಲರಿಗೆ ಅವಕಾಶ ಕೊಟ್ಟಿಲ್ಲ, ರದ್ದು. ಹೀಗೆ 1,500ಕ್ಕೂ ಹೆಚ್ಚು ವಾರಂಟ್‌ಗಳನ್ನು ವಜಾ ಮಾಡಿದರು. ಅದಕ್ಕೆ ಹೂವರ್ ಏನು ಮಾಡಿದ ಗೊತ್ತಾ? ಪೋಸ್ಟ್ ಮೇಲೇ ಒಂದು ಫೈಲ್ ತೆರೆದ. ಮೇ 1ರಂದು ದೇಶದಾದ್ಯಂತ ದಂಗೆ ಏಳುತ್ತೆ ಅಂತ ಪಾಮರ್ ಮತ್ತು ಹೂವರ್ ಎಚ್ಚರಿಕೆಯನ್ನೂ ಕೊಟ್ಟರು. ನ್ಯೂಯಾರ್ಕ್ ಪೊಲೀಸರು ಸನ್ನದ್ಧರಾಗಿ ನಿಂತರು. ಆ ದಿನ ಎಲ್ಲೂ ಏನೂ ಆಗಲಿಲ್ಲ. ಪಾಮರ್‌ನ ಅಧ್ಯಕ್ಷ ಪದವಿಯ ಕನಸು ಅಲ್ಲಿಗೆ ಮುಗಿಯಿತು. ಹೂವರ್ ಮಾತ್ರ ಉಳಿದುಕೊಂಡ. ಕಾರ್ಡುಗಳೂ ಉಳಿದವು.

1924ರಲ್ಲಿ ಹೊಸ ಅಟಾರ್ನಿ ಜನರಲ್ ಹಾರ್ಲನ್ ಸ್ಟೋನ್ ಬಂದರು. ಲಂಚಗುಳಿತನದಿಂದ ನಾರುತ್ತಿದ್ದ ಬ್ಯೂರೋವನ್ನು ಸ್ವಚ್ಛ ಮಾಡಲು 29 ವರ್ಷದ ಹೂವರ್‌ನನ್ನು ನಿರ್ದೇಶಕನನ್ನಾಗಿ ಮಾಡಿದ್ದು ಅವರೇ. ಅವರ ಷರತ್ತು ಸ್ಪಷ್ಟವಾಗಿತ್ತು. ಜನ ಏನು ಯೋಚಿಸ್ತಾರೆ ಅನ್ನೋದು ಬ್ಯೂರೋಗೆ ಸಂಬಂಧಿಸಿದ್ದಲ್ಲ, ಕಾನೂನು ಮುರಿದರೆ ಮಾತ್ರ ತನಿಖೆ. ಹೂವರ್ ಒಪ್ಪಿಕೊಂಡ. ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು ಮುಖ್ಯಸ್ಥ ರೋಜರ್ ಬಾಲ್ಡ್‌ವಿನ್ ಅವರನ್ನು ಭೇಟಿಯಾಗಿ, ಪಾಮರ್ ದಾಳಿಗಳಲ್ಲಿ ತಾನು ಇಷ್ಟವಿಲ್ಲದೆ ಭಾಗಿಯಾಗಬೇಕಾಯ್ತು ಅಂತ ನಂಬಿಸಿಯೂ ಬಿಟ್ಟ.

ಮುಂದಿನ ಹತ್ತು ವರ್ಷಗಳ ಹೂವರ್‌ನನ್ನು ಹೊಗಳದೆ ಇರೋಕೂ ಆಗಲ್ಲ. ಶಿಫಾರಸಿನ ಮೇಲೆ ಬಂದವರನ್ನು ಮನೆಗೆ ಕಳಿಸಿ ವಕೀಲರನ್ನೂ ಲೆಕ್ಕಪರಿಶೋಧಕರನ್ನೂ ತಂದ. 1932ರಲ್ಲಿ ಅಪರಾಧ ಪ್ರಯೋಗಾಲಯ ತೆರೆದ. ಚದುರಿಹೋಗಿದ್ದ 8 ಲಕ್ಷ ಬೆರಳಚ್ಚು ಕಾರ್ಡುಗಳನ್ನು ಒಂದೆಡೆ ತಂದ. 1946ರ ಹೊತ್ತಿಗೆ ಅವು 10 ಕೋಟಿ ದಾಟಿದ್ದವು. ಅಂದಹಾಗೆ, ಆ ಕಾರ್ಡುಗಳನ್ನು ವಿಂಗಡಿಸುತ್ತಿದ್ದ ಹೆನ್ರಿ ಪದ್ಧತಿ ರೂಪುಗೊಂಡಿದ್ದು ನಮ್ಮ ಕಲ್ಕತ್ತಾದಲ್ಲಿ. ಹೆಸರು ಬ್ರಿಟಿಷ್ ಅಧಿಕಾರಿ ಎಡ್ವರ್ಡ್ ಹೆನ್ರಿಯದ್ದು, ಲೆಕ್ಕ ಕೂಡಿಸಿದ ಕೆಲಸದಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಪೊಲೀಸರ ಪಾಲು ದೊಡ್ಡದು. ಜಗತ್ತಿನ ಪೊಲೀಸ್ ತಂತ್ರಗಳಲ್ಲಿ ಎಷ್ಟೋ ಮೊದಲು ಪ್ರಯೋಗವಾದದ್ದು ವಸಾಹತುಗಳ ಜನರ ಮೇಲೆಯೇ.

1934ರಲ್ಲಿ ಷಿಕಾಗೋದ ಸಿನಿಮಾ ಥಿಯೇಟರ್ ಮುಂದೆ ಬ್ಯಾಂಕ್ ದರೋಡೆಕೋರ ಡಿಲಿಂಜರ್‌ನನ್ನು ಏಜೆಂಟರು ಹೊಡೆದುರುಳಿಸಿದ ಮೇಲೆ ಬ್ಯೂರೋ ಮನೆಮಾತಾಯ್ತು. ಮರುವರ್ಷ ಅದಕ್ಕೆ ಎಫ್‌ಬಿಐ ಅಂತ ಹೆಸರಾಯ್ತು, ಹಾಲಿವುಡ್ ಸಿನಿಮಾವೂ ಬಂತು. ಡಿಲಿಂಜರ್ ಕಾರ್ಯಾಚರಣೆಯ ಮುಂದಾಳು ಮೆಲ್ವಿನ್ ಪರ್ವಿಸ್ ಜನಪ್ರಿಯನಾಗಿದ್ದೇ ತಪ್ಪಾಯ್ತು. ಹೂವರ್‌ನ ಕಿರಿಕಿರಿ ತಾಳಲಾರದೆ 1935ರಲ್ಲೇ ಕೆಲಸ ಬಿಟ್ಟ. ಆ ಸಂಸ್ಥೆಯಲ್ಲಿ ಒಬ್ಬನೇ ಹೀರೋಗೆ ಜಾಗ ಇತ್ತು.

ಇಲ್ಲಿಂದ ಕಥೆ ಮತ್ತೆ ಪಟ್ಟಿಗೆ ತಿರುಗುತ್ತೆ. 1936ರ ಆಗಸ್ಟಿನಲ್ಲಿ ಅಧ್ಯಕ್ಷ ರೂಸ್ವೆಲ್ಟ್ ಹೂವರ್‌ನನ್ನು ಕರೆಸಿ, ದೇಶದೊಳಗಿನ ಫ್ಯಾಸಿಸ್ಟರು ಮತ್ತು ಕಮ್ಯುನಿಸ್ಟರ ಬಗ್ಗೆ ಮಾಹಿತಿ ಕಲೆಹಾಕಲು ಹೇಳಿದರು. ಬಾಯಿಮಾತಿನ ಆದೇಶ. ಅದರ ವಿವರ ನಮಗೆ ಗೊತ್ತಿರೋದು ಹೂವರ್ ತಾನೇ ಬರೆದಿಟ್ಟುಕೊಂಡ ಟಿಪ್ಪಣಿಯಿಂದ. ಸ್ಟೋನ್ ಹಾಕಿದ್ದ ಬೇಲಿ ಒಂದು ಮಾತುಕತೆಯಲ್ಲಿ ಬಿದ್ದುಹೋಯ್ತು. ಹಾಗೆ ಕೇಳಿದವರು ಸರ್ವಾಧಿಕಾರಿಯೇನಲ್ಲ, ಅಮೆರಿಕದ ಉದಾರವಾದಿಗಳು ಇವತ್ತಿಗೂ ನೆನೆಯುವ ನಾಯಕ. ಹೂವರ್‌ನಂಥವರು ಒಂದೇ ಪಕ್ಷದ ನೆರಳಲ್ಲಿ ಬೆಳೆಯೋದಿಲ್ಲ. ತನಗೆ ಮಾಹಿತಿ ಬರುತ್ತಿದ್ದಷ್ಟು ಕಾಲ ಯಾವ ಅಧ್ಯಕ್ಷನೂ ಬೇಡ ಅನ್ನಲಿಲ್ಲ.

1939ರಲ್ಲಿ ಹೂವರ್ ಇನ್ನೊಂದು ಪಟ್ಟಿ ಶುರು ಮಾಡಿದ. ತುರ್ತು ಸ್ಥಿತಿ ಬಂದರೆ ಯಾರನ್ನೆಲ್ಲ ಹಿಡಿದು ಒಳಗೆ ಹಾಕಬೇಕು ಅನ್ನೋ ಪಟ್ಟಿ. 1943ರಲ್ಲಿ ಅಟಾರ್ನಿ ಜನರಲ್ ಫ್ರಾನ್ಸಿಸ್ ಬಿಡ್ಲ್ ಅದನ್ನು ಪರಿಶೀಲಿಸಿ, ಇದಕ್ಕೆ ಕಾನೂನಿನ ಆಧಾರವೂ ಇಲ್ಲ, ಒಬ್ಬ ಮನುಷ್ಯ ಎಷ್ಟು ಅಪಾಯಕಾರಿ ಅಂತ ಹೀಗೆ ಮೊದಲೇ ದರ್ಜೆ ಕೊಡೋದು ನಂಬಲರ್ಹವೂ ಅಲ್ಲ ಅಂತ ಲಿಖಿತವಾಗಿ ಹೇಳಿ ರದ್ದು ಮಾಡಲು ಆದೇಶಿಸಿದರು. ಹೂವರ್ ಆದೇಶವನ್ನು ಪಾಲಿಸಿದ, ತನ್ನದೇ ರೀತಿಯಲ್ಲಿ. ಕಸ್ಟೋಡಿಯಲ್ ಡಿಟೆನ್ಷನ್ ಎಂಬ ಹೆಸರು ತೆಗೆದು ಸೆಕ್ಯುರಿಟಿ ಇಂಡೆಕ್ಸ್ ಅಂತ ಬರೆಸಿದ. ಬ್ಯೂರೋದ ಹೊರಗೆ ಅದರ ಸುದ್ದಿ ಎತ್ತಬಾರದು ಅಂತ ಕಚೇರಿಗಳಿಗೆ ಸೂಚನೆ ಹೋಯ್ತು. 1954ರ ಕೊನೆಗೆ ಅದರಲ್ಲಿ ಸುಮಾರು 26,000 ಹೆಸರುಗಳಿದ್ದವು. ಮುಂದೆ 1971ರಲ್ಲಿ ಸಂಸತ್ತು ತುರ್ತು ಬಂಧನದ ಕಾಯ್ದೆಯನ್ನೇ ರದ್ದು ಮಾಡಿದಾಗಲೂ ಪಟ್ಟಿ ಸಾಯಲಿಲ್ಲ. ಅಡ್ಮಿನಿಸ್ಟ್ರೇಟಿವ್ ಇಂಡೆಕ್ಸ್ ಅಂತ ಮೂರನೇ ಹೆಸರು ಬಂತು. ಫೋಲ್ಡರ್ ಡಿಲೀಟ್ ಮಾಡು ಅಂದರೆ ರೀನೇಮ್ ಮಾಡಿದ ಹಾಗೆ.

ಕಾನೂನುಬಾಹಿರವಾಗಿ ಮನೆಗೆ ನುಗ್ಗಿ ಕಾಗದಪತ್ರ ನಕಲು ಮಾಡುವ ಕೆಲಸಕ್ಕೂ ಆತನಲ್ಲಿ ವ್ಯವಸ್ಥೆ ಇತ್ತು. ಅಂಥ ಟಿಪ್ಪಣಿಗಳ ಮೇಲೆ ಫೈಲ್ ಮಾಡಬೇಡಿ ಎಂಬ ಗುರುತು ಹಾಕಿ, ಮುಖ್ಯ ದಾಖಲೆಗೆ ಸೇರಿಸದೆ ಬೇರೆ ಇಟ್ಟು, ಆಮೇಲೆ ನಾಶ ಮಾಡುತ್ತಿದ್ದರು. ಕೋರ್ಟು ದಾಖಲೆ ಹುಡುಕಿಸಿದರೆ ಏನೂ ಸಿಗಬಾರದು. ಎಲ್ಲವನ್ನೂ ಕಾರ್ಡಿಗೆ ಇಳಿಸುತ್ತಿದ್ದ ಮನುಷ್ಯನಿಗೆ ಯಾವುದನ್ನು ಇಳಿಸಬಾರದು ಅಂತಲೂ ಚೆನ್ನಾಗಿ ಗೊತ್ತಿತ್ತು.

ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ. ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದ ಲಕ್ಷಕ್ಕೂ ಹೆಚ್ಚು ಜನರನ್ನು ಶಿಬಿರಗಳಿಗೆ ತಳ್ಳಿದಾಗ ಅದರ ಅಗತ್ಯವಿಲ್ಲ ಅಂದಿದ್ದ ಕೆಲವೇ ಅಧಿಕಾರಿಗಳಲ್ಲಿ ಹೂವರ್ ಒಬ್ಬ. ನಿಜವಾಗಿ ಅಪಾಯ ಇರುವವರನ್ನು ತನ್ನ ಪಟ್ಟಿಯ ಪ್ರಕಾರ ಆಗಲೇ ಹಿಡಿದಾಗಿದೆ ಅನ್ನೋದು ಆತನ ಲೆಕ್ಕ. ಸರಿಯಾದ ನಿಲುವೇ. ಆದರೆ ಅದೂ ಪಟ್ಟಿಯ ಮೇಲಿನ ನಂಬಿಕೆಯಿಂದಲೇ ಬಂದದ್ದು.

ಶೀತಲ ಸಮರದ ವರ್ಷಗಳನ್ನು ಬೇಗ ದಾಟುತ್ತೇನೆ, ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ. ಕಮ್ಯುನಿಸ್ಟರ ಬೇಟೆಗೆ ಮುಖ ಸೆನೆಟರ್ ಮೆಕಾರ್ಥಿಯದ್ದು, ಫೈಲು ಹೂವರ್‌ನದ್ದು. ಸಲಿಂಗಿಗಳೆಂಬ ಗುಮಾನಿಯ ಮೇಲೆ ಸರ್ಕಾರಿ ನೌಕರರ ಪಟ್ಟಿಯನ್ನೂ ಬ್ಯೂರೋ ಮಾಡಿತು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಇಷ್ಟೆಲ್ಲ ಮಾಡಿದ ಸಂಸ್ಥೆಗೆ ದೇಶವ್ಯಾಪಿ ಮಾಫಿಯಾ ಮಾತ್ರ ಕಂಡಿರಲಿಲ್ಲ. 1957ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಅಪಲಾಚಿನ್ ಎಂಬ ಹಳ್ಳಿಯ ಮನೆಯೊಂದರಲ್ಲಿ ಸೇರಿದ್ದ ಮಾಫಿಯಾ ದೊರೆಗಳನ್ನು ರಾಜ್ಯ ಪೊಲೀಸರು ಹಿಡಿದ ಮೇಲಷ್ಟೇ ಹೂವರ್ ಕಣ್ಣು ಬಿಟ್ಟ. 1956ರಲ್ಲಿ ಇನ್ನೊಂದು ಗುಪ್ತ ಯೋಜನೆ ಶುರುವಾಗಿತ್ತು. ಹೆಸರು ಕೋಯಿಂಟೆಲ್‌ಪ್ರೊ. ಇಲ್ಲಿ ಕೆಲಸ ನಿಗಾ ಇಡೋದಲ್ಲ, ಒಡೆಯೋದು. ಸುಳ್ಳು ಪತ್ರ, ಅನಾಮಧೇಯ ಫೋನು, ಗಂಡ ಹೆಂಡಿರ ನಡುವೆ ಅನುಮಾನ ಬಿತ್ತೋದು, ಉದ್ಯೋಗದಾತರಿಗೆ ಚಾಡಿ ಹೇಳೋದು. ಮೊದಲು ಕಮ್ಯುನಿಸ್ಟರ ಮೇಲೆ, ಆಮೇಲೆ ಕರಿಯರ ಸಂಘಟನೆಗಳು, ವಿದ್ಯಾರ್ಥಿ ಚಳವಳಿಗಳ ಮೇಲೆ. 1964ರಿಂದ ಕು ಕ್ಲಕ್ಸ್ ಕ್ಲಾನ್ ಮೇಲೂ ಪ್ರಯೋಗವಾಯ್ತು, ಅದನ್ನೂ ಹೇಳಬೇಕು.

ಮಾರ್ಟಿನ್ ಲೂಥರ್ ಕಿಂಗ್ ಪ್ರಕರಣವನ್ನು ನಿಧಾನವಾಗಿ ನೋಡಬೇಕು. 1962ರಲ್ಲೇ ಕಿಂಗ್ ಹೆಸರು ಬಂಧನಕ್ಕೆ ಯೋಗ್ಯರಾದವರ ಇನ್ನೊಂದು ಪಟ್ಟಿಗೆ, ರಿಸರ್ವ್ ಇಂಡೆಕ್ಸ್‌ಗೆ, ಸೇರಿತ್ತು. 1963ರ ಆಗಸ್ಟ್ ಕೊನೆಯಲ್ಲಿ ವಾಷಿಂಗ್ಟನ್ ಮೆರವಣಿಗೆ ಇತ್ತು. ಅದಕ್ಕೆ ಕೆಲವೇ ದಿನ ಮೊದಲು ಹೂವರ್‌ನ ಗುಪ್ತಚರ ಮುಖ್ಯಸ್ಥ ವಿಲಿಯಂ ಸಲಿವನ್ ದೀರ್ಘ ವರದಿ ಕೊಟ್ಟ. ಕರಿಯರ ಚಳವಳಿಯ ಮೇಲೆ ಕಮ್ಯುನಿಸ್ಟರ ಪ್ರಭಾವ ನಗಣ್ಯ ಅನ್ನೋದು ಅದರ ತಿರುಳು. ಹೂವರ್ ಸಿಟ್ಟಾದ, ವರದಿಯನ್ನು ಗೇಲಿ ಮಾಡಿದ. ವಾರದೊಳಗೆ ಸಲಿವನ್ ಹೊಸ ಟಿಪ್ಪಣಿ ಬರೆದ. ನಮ್ಮದೇ ತಪ್ಪು, ಕಿಂಗ್ ದೇಶಕ್ಕೇ ಅತ್ಯಂತ ಅಪಾಯಕಾರಿ ನೀಗ್ರೋ ನಾಯಕ ಅನ್ನೋದು ಅದರ ಸಾರ. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಉತ್ತರ ಮೊದಲೇ ಗೊತ್ತಿದ್ದು ರೀಡಿಂಗ್ ಆಮೇಲೆ ಹೊಂದಿಸುತ್ತಿದ್ದೆವಲ್ಲ, ಅದೇ. ವ್ಯತ್ಯಾಸ ಇಷ್ಟೇ, ಅಲ್ಲಿ ಹೋಗೋದು ಅಂಕ.

ಅಕ್ಟೋಬರಿನಲ್ಲಿ ಅಟಾರ್ನಿ ಜನರಲ್ ರಾಬರ್ಟ್ ಕೆನಡಿ ಫೋನ್ ಕದ್ದಾಲಿಕೆಗೆ ಸಹಿ ಹಾಕಿದರು. ಹೋಟೆಲ್ ಕೋಣೆಗಳಲ್ಲಿ ಮೈಕ್ ಇಟ್ಟಿದ್ದಕ್ಕೆ ಯಾರ ಸಹಿಯೂ ಬೇಕಾಗಲಿಲ್ಲ. ಕಮ್ಯುನಿಸಂ ಸಿಗಲಿಲ್ಲ, ಖಾಸಗಿ ಬದುಕು ಸಿಕ್ಕಿತು. 1964ರ ನವೆಂಬರ್‌ನಲ್ಲಿ, ಕಿಂಗ್ ನೊಬೆಲ್ ಶಾಂತಿ ಪ್ರಶಸ್ತಿ ಪಡೆಯಲು ಹೊರಡುವ ಮುನ್ನ, ಒಂದು ಟೇಪು ಮತ್ತು ಸಹಿಯಿಲ್ಲದ ಪತ್ರ ಅವರ ಕಚೇರಿಗೆ ಅಂಚೆಯಲ್ಲಿ ಹೋಯ್ತು. ಕರಿಯನೊಬ್ಬನೇ ಬರೆದಂತೆ ತೋರುವ ಆ ಪತ್ರ 34 ದಿನಗಳ ಗಡುವು ಕೊಟ್ಟು, ಉಳಿದಿರೋದು ಒಂದೇ ದಾರಿ ಎಂದು ಸೂಚಿಸುತ್ತಿತ್ತು. ಆತ್ಮಹತ್ಯೆ ಮಾಡಿಕೊಳ್ಳಿ ಅನ್ನೋದೇ ಅದರ ಅರ್ಥ ಅಂತ ಕಿಂಗ್ ಮತ್ತು ಅವರ ಜೊತೆಗಾರರು ತಿಳಿದರು. ಆ ಪೊಟ್ಟಣವನ್ನು ಮೊದಲು ಬಿಚ್ಚಿದವರು ಅವರ ಪತ್ನಿ ಕೊರೆಟಾ. ಕಿಂಗ್ ಹಿಂದೆ ಸರಿಯಲಿಲ್ಲ. 1968ರ ಏಪ್ರಿಲ್ 4ರಂದು ಕೊಲೆಯಾಗುವವರೆಗೂ ಬ್ಯೂರೋ ಅವರ ಬೆನ್ನು ಬಿಡಲಿಲ್ಲ.

ಷಿಕಾಗೋದ ಫ್ರೆಡ್ ಹ್ಯಾಂಪ್ಟನ್‌ಗೆ 21 ವರ್ಷ. ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಯುವ ನಾಯಕ. ಕರಿಯರು, ಪೋರ್ಟೊರಿಕೊ ಮೂಲದವರು, ಬಡ ಬಿಳಿಯರು, ಎಲ್ಲರನ್ನೂ ಒಂದೇ ಒಕ್ಕೂಟಕ್ಕೆ ತರುತ್ತಿದ್ದ. ಆತನ ಭದ್ರತೆ ನೋಡಿಕೊಳ್ಳುತ್ತಿದ್ದ ವಿಲಿಯಂ ಓನೀಲ್ ಎಫ್‌ಬಿಐನ ಮಾಹಿತಿದಾರ. ಮನೆಯ ನಕ್ಷೆ ಓನೀಲ್‌ನಿಂದ ಬ್ಯೂರೋಗೆ, ಬ್ಯೂರೋದಿಂದ ಸ್ಥಳೀಯ ಪೊಲೀಸರಿಗೆ ಹೋಯ್ತು. 1969ರ ಡಿಸೆಂಬರ್ 4ರ ನಸುಕಿನಲ್ಲಿ ಪೊಲೀಸರು 80ಕ್ಕೂ ಹೆಚ್ಚು ಗುಂಡು ಹಾರಿಸಿದರು. ಒಳಗಿನಿಂದ ಬಂದದ್ದು ಒಂದೇ ಗುಂಡು ಅಂತ ಆಮೇಲೆ ತನಿಖೆಯಲ್ಲಿ ಗೊತ್ತಾಯ್ತು. ಹ್ಯಾಂಪ್ಟನ್ ಮಲಗಿದ್ದ ಹಾಸಿಗೆಯಲ್ಲೇ ಗುಂಡೇಟು ತಿಂದು ಸತ್ತ. ಜೊತೆಗಿದ್ದ ಮಾರ್ಕ್ ಕ್ಲಾರ್ಕ್ ಕೂಡ ಸತ್ತ. ಓನೀಲ್‌ಗೆ 300 ಡಾಲರ್ ಬೋನಸ್ ಸಿಕ್ಕಿತು. ಸಂತ್ರಸ್ತರಿಗೆ 1982ರಲ್ಲಿ 18.5 ಲಕ್ಷ ಡಾಲರ್ ಪರಿಹಾರ ಸಿಕ್ಕಿತು, ಜೈಲಿಗೆ ಮಾತ್ರ ಯಾರೂ ಹೋಗಲಿಲ್ಲ.

ಇದರಲ್ಲಿ ಬಹುಪಾಲು ಆಗ ಯಾರಿಗೂ ಗೊತ್ತಿರಲಿಲ್ಲ. ಸಂಸತ್ತಿಗೆ ಗೊತ್ತಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ತಮ್ಮ ಹೆಸರಲ್ಲಿ ಏನು ಫೈಲಿದೆಯೋ ಅನ್ನೋ ಅಂಜಿಕೆ. ಬೀಗ ಒಡೆದವರು ಎಂಟು ಜನ ಸಾಮಾನ್ಯರು. ಅವರ ನಾಯಕ ವಿಲಿಯಂ ಡೇವಿಡನ್, ಪೆನ್ಸಿಲ್ವೇನಿಯಾದ ಹ್ಯಾವರ್‌ಫರ್ಡ್ ಕಾಲೇಜಿನ ಭೌತಶಾಸ್ತ್ರ ಪ್ರೊಫೆಸರ್. ಆಪ್ಟಿಮೈಸೇಷನ್ ಪಾಠದಲ್ಲಿ ಡೇವಿಡನ್-ಫ್ಲೆಚರ್-ಪವೆಲ್ ವಿಧಾನ ಓದಿದವರಿಗೆ ಈ ಹೆಸರು ಪರಿಚಯ ಇರುತ್ತೆ. ಹೌದು, ಅದೇ ಡೇವಿಡನ್. ಸೂತ್ರ ಉರುಹೊಡೆಸುವವರು ಇಂಥ ಕಥೆ ಯಾಕೆ ಹೇಳಲ್ಲವೋ!

ವಿಯೆಟ್ನಾಂ ಯುದ್ಧವಿರೋಧಿ ಚಳವಳಿಯಲ್ಲಿ ಎಲ್ಲರಿಗೂ ಗುಮಾನಿ ಇತ್ತು, ನಮ್ಮೊಳಗೆ ಮಾಹಿತಿದಾರರಿದ್ದಾರೆ ಅಂತ. ಪುರಾವೆ ಇರಲಿಲ್ಲ. ಪುರಾವೆ ಎಫ್‌ಬಿಐ ಕಚೇರಿಯಲ್ಲೇ ಇರುತ್ತೆ, ಕದ್ದರೆ ಆಯ್ತು ಅನ್ನೋದು ಡೇವಿಡನ್ ತರ್ಕ. ಫಿಲಡೆಲ್ಫಿಯಾ ಹತ್ತಿರದ ಮೀಡಿಯಾ ಎಂಬ ಸಣ್ಣ ಊರಿನಲ್ಲಿ ಬ್ಯೂರೋದ ಪುಟ್ಟ ಕಚೇರಿ ಇತ್ತು. ಬಾನಿ ರೇನ್ಸ್ ಎಂಬ ಮೂರು ಮಕ್ಕಳ ತಾಯಿ ಕಾಲೇಜು ವಿದ್ಯಾರ್ಥಿನಿಯ ವೇಷದಲ್ಲಿ ಒಳಗೆ ಹೋಗಿ, ಎಫ್‌ಬಿಐನಲ್ಲಿ ಹೆಣ್ಣುಮಕ್ಕಳಿಗೆ ಏನು ಅವಕಾಶ ಇದೆ ಅಂತ ವಿಚಾರಿಸುತ್ತಾ ಬೀಗ, ಅಲಾರಂ ಎಲ್ಲ ನೋಡಿಕೊಂಡು ಬಂದರು. ಹೂವರ್ ಕೊನೆಯ ಮಹಿಳಾ ಏಜೆಂಟಳನ್ನು 1928ರಲ್ಲೇ ಮನೆಗೆ ಕಳಿಸಿದ್ದ ಅನ್ನೋದು ಬೇರೆ ಮಾತು. ಟ್ಯಾಕ್ಸಿ ಓಡಿಸುತ್ತಿದ್ದ ಕೀತ್ ಫೋರ್ಸೈತ್ ಅಂಚೆ ಶಿಕ್ಷಣದಲ್ಲಿ ಬೀಗ ತೆಗೆಯೋದನ್ನು ಕಲಿತರು. 1971ರ ಮಾರ್ಚ್ 8ರ ರಾತ್ರಿ ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಬಾಕ್ಸಿಂಗ್ ಪಂದ್ಯಕ್ಕೆ ಇಡೀ ದೇಶ ಕಿವಿಗೊಟ್ಟು ಕೂತಿದ್ದಾಗ ಒಳನುಗ್ಗಿ ಸಾವಿರಕ್ಕೂ ಹೆಚ್ಚು ದಾಖಲೆಗಳನ್ನು ಸೂಟ್‌ಕೇಸಿಗೆ ತುಂಬಿಕೊಂಡರು.

ಪ್ರತಿಗಳು ಅಂಚೆಯಲ್ಲಿ ಪತ್ರಕರ್ತರಿಗೆ ಹೋದವು. ಪ್ರಕಟಿಸಬೇಡಿ ಅಂತ ಅಟಾರ್ನಿ ಜನರಲ್ ಒತ್ತಡ ಹಾಕಿದರೂ ವಾಷಿಂಗ್ಟನ್ ಪೋಸ್ಟ್‌ನಲ್ಲಿ ಬೆಟಿ ಮೆಡ್ಸ್ಗರ್ ಅವರ ವರದಿ ಮಾರ್ಚ್ 24ಕ್ಕೆ ಬಂತು. ಕಾರ್ಯಕರ್ತರನ್ನು ಹೆಚ್ಚು ಹೆಚ್ಚು ವಿಚಾರಣೆ ಮಾಡಿ, ಎಲ್ಲೆಲ್ಲೂ ಏಜೆಂಟರಿದ್ದಾರೆ ಅನ್ನೋ ಭ್ರಮೆ ಅವರಲ್ಲಿ ಬೆಳೆಯಲಿ ಅಂತ ಒಂದು ಟಿಪ್ಪಣಿ ಸೂಚಿಸಿತ್ತು. ಕಾಲೇಜುಗಳ ಕರಿಯ ವಿದ್ಯಾರ್ಥಿ ಸಂಘಗಳ ಮೇಲೆಲ್ಲ ನಿಗಾ ಇಡಬೇಕು ಅಂತ ಇನ್ನೊಂದು. ಮತ್ತೊಂದು ಚೀಟಿಯಲ್ಲಿ ಯಾರಿಗೂ ಅರ್ಥವಾಗದ ಒಂದು ಪದ ಇತ್ತು, ಕೋಯಿಂಟೆಲ್‌ಪ್ರೊ. ಹೂವರ್ ಏಪ್ರಿಲ್‌ನಲ್ಲೇ ಆ ಯೋಜನೆಯನ್ನು ಅಧಿಕೃತವಾಗಿ ಮುಚ್ಚಿದ. ಎನ್‌ಬಿಸಿ ವರದಿಗಾರ ಕಾರ್ಲ್ ಸ್ಟರ್ನ್ ಆ ಪದದ ಅರ್ಥ ಕೇಳಿ ಕೋರ್ಟಿಗೆ ಹೋಗಿ 1973ರ ಕೊನೆಗೆ ದಾಖಲೆ ಪಡೆದರು.

ಅಷ್ಟರಲ್ಲಿ ಹೂವರ್ ಇರಲಿಲ್ಲ. 1972ರ ಮೇ 2ರಂದು ಮನೆಯಲ್ಲೇ ಸತ್ತ, ಅಧಿಕಾರದಲ್ಲಿರುವಾಗಲೇ. ಎಪ್ಪತ್ತಕ್ಕೆ ನಿವೃತ್ತಿಯಾಗಬೇಕಿದ್ದವನಿಗೆ ಅಧ್ಯಕ್ಷ ಜಾನ್ಸನ್ ವಿನಾಯಿತಿ ಕೊಟ್ಟಿದ್ದರು. ಪಾರ್ಥಿವ ಶರೀರವನ್ನು ಸಂಸತ್ ಭವನದಲ್ಲಿಟ್ಟು ಗೌರವಿಸಿದರು. ಅದೇ ವಾರಗಳಲ್ಲಿ, 50ಕ್ಕೂ ಹೆಚ್ಚು ವರ್ಷ ಆತನ ಕಾರ್ಯದರ್ಶಿಯಾಗಿದ್ದ ಹೆಲೆನ್ ಗ್ಯಾಂಡಿ ಆತನ ಖಾಸಗಿ ಫೈಲುಗಳನ್ನು ಒಂದೊಂದಾಗಿ ನಾಶ ಮಾಡಿದರು. ಅದರಲ್ಲಿದ್ದದ್ದು ಬರೀ ವೈಯಕ್ತಿಕ ಪತ್ರಗಳು ಅಂತ 1975ರಲ್ಲಿ ಸಂಸತ್ ಸಮಿತಿಯ ಮುಂದೆ ಹೇಳಿದರು. ಸಮಿತಿ ತಿರುಗಿಸಿ ನೋಡಲು ಏನೂ ಉಳಿದಿರಲಿಲ್ಲ.

ಅದೇ ವರ್ಷ ಸೆನೆಟರ್ ಫ್ರಾಂಕ್ ಚರ್ಚ್ ನೇತೃತ್ವದ ಸಮಿತಿ ಕೂತಿತು. ಕೋಯಿಂಟೆಲ್‌ಪ್ರೊ ಅಡಿ 2,300ಕ್ಕೂ ಹೆಚ್ಚು ಕಾರ್ಯಾಚರಣೆ ನಡೆದಿದ್ದು, ಕಿಂಗ್‌ಗೆ ಹೋದ ಪತ್ರ, ಹೆಸರು ಬದಲಿಸಿಕೊಂಡ ಪಟ್ಟಿಗಳು, ಎಲ್ಲವೂ ಅಲ್ಲಿ ಹೊರಬಂದವು. ಅದೇ 1975ರ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಎಫ್‌ಬಿಐನ ಹೊಸ ಮುಖ್ಯ ಕಚೇರಿಯೂ ಉದ್ಘಾಟನೆಯಾಯ್ತು, ಹೂವರ್ ಹೆಸರಿನಲ್ಲೇ. 1976ರಲ್ಲಿ ನಿರ್ದೇಶಕರ ಅವಧಿಯನ್ನು 10 ವರ್ಷಕ್ಕೆ ಮಿತಿಗೊಳಿಸುವ ಕಾನೂನು ಬಂತು. 2011ರಲ್ಲಿ ರಾಬರ್ಟ್ ಮುಲ್ಲರ್‌ಗಾಗಿ ಸಂಸತ್ತು ಅದನ್ನೂ ಎರಡು ವರ್ಷ ಸಡಿಲಿಸಿತು.

ಮೀಡಿಯಾದ ಕಳ್ಳರನ್ನು ಹಿಡಿಯಲು ಬ್ಯೂರೋ ಸುಮಾರು 200 ಏಜೆಂಟರನ್ನು ಬಿಟ್ಟಿತ್ತು. ಐದು ವರ್ಷ ಹುಡುಕಿ 1976ರ ಮಾರ್ಚ್‌ನಲ್ಲಿ ಪ್ರಕರಣ ಮುಚ್ಚಿದರು. ಆ ಎಂಟು ಜನ ತಮ್ಮ ಪಾಡಿಗೆ ಪಾಠ ಮಾಡಿಕೊಂಡು, ಮಕ್ಕಳನ್ನು ಬೆಳೆಸಿಕೊಂಡು ಇದ್ದರು. ಹೆಚ್ಚಿನವರು 2014ರ ಜನವರಿಯಲ್ಲಿ ಮೆಡ್ಸ್ಗರ್ ಪುಸ್ತಕದ ಮೂಲಕ ತಾವೇ ಹೆಸರು ಹೇಳಿಕೊಂಡರು. ಡೇವಿಡನ್ ಅದಕ್ಕೆ ಎರಡು ತಿಂಗಳು ಮೊದಲು ತೀರಿಕೊಂಡಿದ್ದರು. ಆ ಕಳ್ಳತನದ ತನಿಖೆಯ ಎಫ್‌ಬಿಐ ಫೈಲು 33,000 ಪುಟಕ್ಕೂ ಹೆಚ್ಚಿದೆ. ಅದರಲ್ಲಿ ಬಾನಿ ರೇನ್ಸ್ ಅವರ ಮುಖವನ್ನು ಹೋಲುವ ಒಂದು ರೇಖಾಚಿತ್ರವೂ ಇದೆ, ಹೆಸರಿಲ್ಲ.